ಇಪ್ಪತ್ತಾರು, ಐವತ್ತೆರಡು: ಎರಿ ಹೊಲದ ಹತ್ತಿಯ ಲೆಕ್ಕ

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಈ ಪಾಠ ನೆನಪಿರಬಹುದು. ಕ್ರೋಮೋಸೋಮು ಅಂದರೆ ವರ್ಣತಂತು. ಅದರ ತುಂಡೊಂದು ಕಳೆದುಹೋಗಬಹುದು, ತುಂಡೊಂದು ಎರಡು ಸಲ ಇರಬಹುದು, ತಲೆಕೆಳಗಾಗಿ ಕೂತಿರಬಹುದು, ಇನ್ನೊಂದು ತಂತುವಿಗೆ ಹೋಗಿ ಅಂಟಿಕೊಂಡಿರಬಹುದು. ಇವು ರಚನೆಯ ಬದಲಾವಣೆಗಳು. ತಂತುಗಳ ಎಣಿಕೆಯೇ ಹೆಚ್ಚುಕಡಿಮೆ ಆದರೆ ಅದು ಸಂಖ್ಯೆಯ ಬದಲಾವಣೆ. ಐದು ಅಂಕದ ಪ್ರಶ್ನೆ, ನಾಲ್ಕು ಚಿತ್ರ, ಮುಗೀತು. ಪರೀಕ್ಷೆ ಆದ ಮರುದಿನವೇ ಮರೆತುಹೋಗುವಂಥ ಪಾಠ :-)

ಆದರೆ ಇದೇ ಪಾಠ ನಮ್ಮ ರಾಯಚೂರು ಜಿಲ್ಲೆಯ ಹೊಲಗಳಲ್ಲಿ ನೂರೆಂಬತ್ತು ವರ್ಷಗಳಿಂದ ನಡೀತಾ ಇದೆ ಅಂದರೆ ನಂಬುತ್ತೀರಾ? ಯಾವ ಬೀಜ ಮನೆಯಲ್ಲಿ ಇಡಬಹುದು, ಯಾವುದನ್ನು ವರ್ಷವರ್ಷವೂ ಅಂಗಡಿಯಿಂದ ತರಬೇಕು, ಯಾವ ಹತ್ತಿ ಯಾವುದರ ಜೊತೆ ಬೆರೆಯುತ್ತದೆ, ಯಾವುದು ಬೆರೆಯುವುದೇ ಇಲ್ಲ. ಇದನ್ನೆಲ್ಲ ಸರ್ಕಾರ ಮತ್ತು ಮಾರ್ಕೆಟ್ಟು ಮಾತ್ರ ತೀರ್ಮಾನ ಮಾಡಲಿಲ್ಲ, ವರ್ಣತಂತುಗಳ ಲೆಕ್ಕವೂ ತೀರ್ಮಾನ ಮಾಡಿತು. ಆ ಲೆಕ್ಕವನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ. ನಾನು ಸಾಫ್ಟ್‌ವೇರ್ ಕೆಲಸದವನು, ಕೃಷಿ ವಿಜ್ಞಾನಿ ಅಲ್ಲ. ಹಾಗಾಗಿ ಭಾಷೆ ಸ್ವಲ್ಪ ಒರಟಾಗಿದ್ದರೆ ಸಹಿಸಿಕೊಳ್ಳಿ.

ಮೊದಲು ಊರುಗಳ ಪರಿಚಯ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನೆಲಕ್ಕೆ ರಾಯಚೂರು ದೋಆಬ್ ಅಂತ ಹೆಸರು. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಇದರೊಳಗೇ ಬರುತ್ತವೆ. ಮಸ್ಕಿ ಅಂದರೆ ಎಲ್ಲರಿಗೂ ನೆನಪಾಗುವುದು ಅಶೋಕನ ಶಾಸನ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿದ್ದದ್ದು. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಖಚಿತವಾದದ್ದು ಆ ಕಲ್ಲಿನಿಂದ. ಲಿಂಗಸುಗೂರು ನಿಜಾಮರ ಕಾಲದಲ್ಲಿ ದಂಡಿನ ಊರು, 1905ರವರೆಗೆ ಅದೇ ಒಂದು ಜಿಲ್ಲೆಯ ಕೇಂದ್ರವೂ ಆಗಿತ್ತು. ಸಿಂಧನೂರು ಈಗ ಭತ್ತದ ಊರು. ಮೂರಕ್ಕೂ ಸಮಾನವಾದದ್ದು ಎರಿ ಹೊಲ, ಅಂದರೆ ಕಪ್ಪು ಮಣ್ಣು. ಮಳೆ ಬಂದರೆ ಕಾಲಿಗೆ ಅಂಟುವ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಮಣ್ಣು. ಒಮ್ಮೆ ನೀರು ಕುಡಿದರೆ ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಜೋಳಕ್ಕೆ, ಹತ್ತಿಗೆ ಹೇಳಿ ಮಾಡಿಸಿದ್ದು.

ಈ ನೆಲದ ಹಳೆಯ ಹತ್ತಿಗೆ ನಮ್ಮ ಕಡೆ ಜವಾರಿ ಹತ್ತಿ ಅನ್ನುತ್ತಾರೆ. ವಿಜ್ಞಾನದ ಹೆಸರು ಗಾಸಿಪಿಯಂ ಹರ್ಬೇಸಿಯಂ. ಆಚೆ ಬಳ್ಳಾರಿ, ಕರ್ನೂಲು ಕಡೆ ಮುಂಗಾರಿ ಎಂಬ ಇನ್ನೊಂದು ಹಳೆಯ ಹತ್ತಿ ಇತ್ತು, ಅದು ಗಾಸಿಪಿಯಂ ಆರ್ಬೋರಿಯಂ ಜಾತಿ. ಎರಡೂ ಹಳೆಯ ಪ್ರಪಂಚದ ಹತ್ತಿಗಳು. ಎಳೆ ಗಿಡ್ಡ, ಇಳುವರಿ ಕಡಿಮೆ, ಆದರೆ ಬರಕ್ಕೆ ಬಗ್ಗುವುದಿಲ್ಲ. ಎರಡರ ಜೀವಕೋಶದಲ್ಲೂ ಇರುವುದು 26 ವರ್ಣತಂತು, ಅಂದರೆ 13 ಜೋಡಿ. ಈ 26ನ್ನು ನೆನಪಿಟ್ಟುಕೊಳ್ಳಿ.

*

1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನೇ ಭಾರತಕ್ಕೆ ಕರೆಸಿತು. ಲ್ಯಾಂಕಷೈರಿನ ಮಿಲ್ಲುಗಳಿಗೆ ಉದ್ದ ಎಳೆಯ ಹತ್ತಿ ಬೇಕಿತ್ತು, ನಮ್ಮ ಜವಾರಿ ಅವರ ಯಂತ್ರಕ್ಕೆ ಒಗ್ಗುತ್ತಿರಲಿಲ್ಲ. ಬಹಳ ಕಡೆ ಆ ಪ್ರಯೋಗ ನೆಲಕಚ್ಚಿತು. ನೆಲೆ ನಿಂತ ಕೆಲವೇ ಜಾಗಗಳಲ್ಲಿ ಧಾರವಾಡ ಸೀಮೆ ಒಂದು. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಸರ್ಕಾರಿ ಹೊಲ ಮಾಡಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿದರು. ಆ ಹತ್ತಿ ಇಲ್ಲಿಯ ಹವೆಗೆ ಒಗ್ಗಿ 'ಧಾರವಾಡ ಅಮೆರಿಕನ್' ಅಂತ ಹೆಸರಾಯಿತು. ಜನರ ಬಾಯಲ್ಲಿ ಅದು ವಿಲಾಯತಿ ಹತ್ತಿ. ಇದು ಗಾಸಿಪಿಯಂ ಹಿರ್ಸುಟಂ ಜಾತಿ, ವರ್ಣತಂತು 52.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಬರುವುದು ನಿಂತು ಇಲ್ಲಿಯ ಹತ್ತಿಯ ಬೆಲೆ ಆಕಾಶಕ್ಕೆ ಹೋಯಿತು. ಆಗ ಕಲಬೆರಕೆಯೂ ಜೋರಾಯಿತು. ವಿಲಾಯತಿ ಅರಳೆಯೊಳಗೆ ಜವಾರಿ ಅರಳೆ, ಜಿನ್ನಿನಲ್ಲಿ ಎರಡರ ಕಾಳೂ ಒಟ್ಟಿಗೆ. 1863ರಲ್ಲಿ ಮುಂಬೈ ಸರ್ಕಾರ ಹತ್ತಿ ಮೋಸ ತಡೆಯಲು ಒಂದು ಕಾನೂನನ್ನೇ ತರಬೇಕಾಯಿತು. 1871ರಲ್ಲಿ ಮುಂಬೈ ಮತ್ತು ಮದ್ರಾಸಿನ ರೈಲು ಹಾದಿಗಳು ರಾಯಚೂರಿನಲ್ಲಿ ಕೂಡಿದವು. ದೋಆಬಿನ ಹತ್ತಿಗೂ ಸಮುದ್ರದ ದಾರಿ ಹತ್ತಿರವಾಯಿತು.

ಇಲ್ಲೊಂದು ವಿಚಿತ್ರ ಗಮನಿಸಿ. ಎರಡೂ ಹತ್ತಿ ಪಕ್ಕಪಕ್ಕದ ಹೊಲದಲ್ಲಿ ಬೆಳೆದವು. ಜೇನುಹುಳು ಇದರ ಹೂವಿನಿಂದ ಅದರ ಹೂವಿಗೆ ಹೋಗುತ್ತಲೇ ಇತ್ತು. ಗಂಟಿನಲ್ಲಿ ಬೆರೆತವು, ಜಿನ್ನಿನಲ್ಲಿ ಬೆರೆತವು, ಬಿತ್ತುವ ಕಾಳಿನ ರಾಶಿಯಲ್ಲೂ ಬೆರೆತವು. ಆದರೆ ಗಿಡ ಬೆರೆಯಲಿಲ್ಲ. ಅರ್ಧ ಜವಾರಿ ಅರ್ಧ ವಿಲಾಯತಿ ಆದ ಒಂದು ಮಧ್ಯದ ತಳಿ ತಾನಾಗಿ ಹುಟ್ಟಿ ಹೊಲದಲ್ಲಿ ಹಬ್ಬಲಿಲ್ಲ. ಯಾಕೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದು ಸಾಧ್ಯವೂ ಇರಲಿಲ್ಲ, ಯಾಕೆಂದರೆ ಆಗಿನ್ನೂ ವರ್ಣತಂತು ಎಂಬ ವಸ್ತುವಿಗೆ ಹೆಸರೇ ಇಟ್ಟಿರಲಿಲ್ಲ.

*

ಉತ್ತರ ಸಿಕ್ಕಿದ್ದು ಇಪ್ಪತ್ತನೇ ಶತಮಾನದಲ್ಲಿ, ಬೇರೆ ಬೇರೆ ದೇಶದಿಂದ, ತುಂಡುತುಂಡಾಗಿ.

1902-03ರಲ್ಲಿ ಸಟ್ಟನ್ ಮತ್ತು ಬೊವೆರಿ ವಂಶಗುಣಗಳು ವರ್ಣತಂತುಗಳ ಮೇಲೆ ಕೂತು ಸಾಗುತ್ತವೆ ಎಂದು ವಾದಿಸಿದರು. 1916ರಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾಲ್ವಿನ್ ಬ್ರಿಜಸ್ ಹಣ್ಣಿನ ನೊಣದಲ್ಲಿ ಅದನ್ನು ಸಿದ್ಧಮಾಡಿ ತೋರಿಸಿದ. ಆತ ಬಳಸಿದ್ದು ತಪ್ಪಿದ ಎಣಿಕೆಯನ್ನೇ. ಒಂದು ತಂತು ಹೆಚ್ಚಾಗಿ ಬಂದ ನೊಣದಲ್ಲಿ ಕಣ್ಣಿನ ಬಣ್ಣದ ವಂಶಪಾಲನೆಯ ನಿಯಮವೂ ಅಷ್ಟಕ್ಕಷ್ಟೇ ತಪ್ಪುತ್ತಿತ್ತು. 1921ರಲ್ಲಿ ಸ್ಟರ್ಟವಂಟ್ ಒಂದು ತುಂಡು ತಿರುವುಮುರುವಾಗಿ ಕೂತ ತಂತುವನ್ನು ಗುರುತಿಸಿದ. 1924ರಲ್ಲಿ ಡೆನ್‌ಹ್ಯಾಮ್ ಎಂಬಾತ ಹತ್ತಿಯ ತಂತು ಎಣಿಸಿ ಏಷ್ಯಾದ ಹತ್ತಿಗೆ 13 ಜೋಡಿ, ಅಮೆರಿಕದ ಹತ್ತಿಗೆ 26 ಜೋಡಿ ಅಂತ ಪ್ರಕಟಿಸಿದ. ಧಾರವಾಡದ ಹೊಲಗಳಲ್ಲಿ ಎಂಬತ್ತು ವರ್ಷ ಕಾಡಿದ ಒಗಟಿಗೆ ಬೀಗದ ಕೈ ಇದೇ.

ಲೆಕ್ಕ ನೋಡಿ. ಪರಾಗ ಮತ್ತು ಅಂಡ ತಯಾರಾಗುವಾಗ ತಂತುಗಳು ಜೋಡಿಯಾಗಿ ನಿಂತು, ಆಮೇಲೆ ಒಂದೊಂದು ಒಂದೊಂದು ಕಡೆ ಹೋಗುತ್ತವೆ. ಜವಾರಿಯಿಂದ 13, ವಿಲಾಯತಿಯಿಂದ 26 ಬಂದರೆ ಮಗು ಗಿಡಕ್ಕೆ 39. ಎಷ್ಟೋ ಸಲ ಕಾಯಿಯೇ ಉದುರುತ್ತದೆ. ಗಿಡ ಬೆಳೆದರೂ ಅದು ಬೀಜ ಕಟ್ಟುವ ಹೊತ್ತಿಗೆ ತೊಂದರೆ ಶುರು. 39ರಲ್ಲಿ ಹೆಚ್ಚೆಂದರೆ 13 ಜೋಡಿ ಕೂಡುತ್ತವೆ, ಉಳಿದ 13ಕ್ಕೆ ಜೊತೆ ಇಲ್ಲ. ಒಂದೊಂದೂ ತನಗೆ ತೋಚಿದ ಕಡೆ ಹೋಗುತ್ತದೆ. ಆ ಹದಿಮೂರೂ ಒಂದೇ ಕಡೆಗೆ ಹೋದರೆ ಮಾತ್ರ ಪೂರ್ತಿ ಸೆಟ್ಟು ಇರುವ ಪರಾಗ ಸಿಗುತ್ತದೆ. ನಾಣ್ಯ ಹದಿಮೂರು ಸಲ ಚಿಮ್ಮಿ ಹದಿಮೂರು ಸಲವೂ ಒಂದೇ ಮುಖ ಬಿದ್ದ ಹಾಗೆ. ಅದರ ಸಾಧ್ಯತೆ 4096ಕ್ಕೆ ಒಂದು. ಪರಾಗವೂ ಸರಿ ಇರಬೇಕು, ಅಂಡವೂ ಸರಿ ಇರಬೇಕು ಅಂದರೆ 4096ನ್ನು 4096ರಿಂದ ಗುಣಿಸಿ. ಗಿಡ ಹಸಿರಾಗಿ ನಿಂತಿರುತ್ತದೆ, ಹೂವೂ ಬಿಡುತ್ತದೆ, ಕಾಳು ಮಾತ್ರ ಇಲ್ಲ. ಕುದುರೆ ಕತ್ತೆಗೆ ಹುಟ್ಟಿದ ಹೇಸರಗತ್ತೆಯ ಹಾಗೆ.

ಹಾಗಾದರೆ ಅಮೆರಿಕದ ಹತ್ತಿಗೆ ಎರಡು ಪಟ್ಟು ತಂತು ಎಲ್ಲಿಂದ ಬಂತು? 1930ರ ದಶಕದಲ್ಲಿ ಸ್ಕೋವ್‌ಸ್ಟೆಡ್ ಎಂಬ ವಿಜ್ಞಾನಿ ಆ 26 ಜೋಡಿಯಲ್ಲಿ 13 ದೊಡ್ಡವು, 13 ಸಣ್ಣವು ಅಂತ ಗಮನಿಸಿದ. ದೊಡ್ಡವು ನಮ್ಮ ಹಳೆಯ ಪ್ರಪಂಚದ ಹತ್ತಿಯ ತಂತುಗಳನ್ನೇ ಹೋಲುತ್ತಿದ್ದವು! ಸಣ್ಣವು ಅಮೆರಿಕದ ಕಾಡುಹತ್ತಿಯವು. ಅಂದರೆ ಸುಮಾರು 10ರಿಂದ 20 ಲಕ್ಷ ವರ್ಷಗಳ ಹಿಂದೆ ಹಳೆಯ ಪ್ರಪಂಚದ ಹತ್ತಿಯ ಪೂರ್ವಜರ ಬೀಜ ಹೇಗೋ ಸಮುದ್ರ ದಾಟಿ ಅಲ್ಲಿಯ ಕಾಡುಹತ್ತಿಯೊಂದಿಗೆ ಕೂಡಿತ್ತು. ಆ ಬಂಜೆ ಮಿಶ್ರಗಿಡದಲ್ಲಿ ಆಕಸ್ಮಿಕವಾಗಿ ತಂತುಗಳೆಲ್ಲ ಇಮ್ಮಡಿಯಾದವು. ಇಮ್ಮಡಿಯಾದ ಕ್ಷಣ ಪ್ರತಿ ತಂತುವಿಗೂ ತನ್ನದೇ ಜೊತೆ ಸಿಕ್ಕಿತು, ಬಂಜೆತನ ಹೋಯಿತು. 1940ರಲ್ಲಿ ಬೀಸ್ಲಿ ಇದನ್ನು ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ. ಏಷ್ಯಾದ ಆರ್ಬೋರಿಯಂ ಮತ್ತು ಅಮೆರಿಕದ ಒಂದು ಕಾಡುಹತ್ತಿಯನ್ನು ಕೂಡಿಸಿ, ಕೋಲ್ಚಿಸಿನ್ ಎಂಬ ರಾಸಾಯನಿಕದಿಂದ ತಂತು ಇಮ್ಮಡಿ ಮಾಡಿದಾಗ ಅಮೆರಿಕನ್ ಹತ್ತಿಯೊಂದಿಗೆ ಕೂಡಬಲ್ಲ ಗಿಡ ಬಂತು.

ವಿಲಾಯತಿ ಹತ್ತಿ ಪೂರಾ ಪರದೇಶಿ ಅಲ್ಲ ಅಂತಾಯಿತು. ಅದರ ಅರ್ಧ ಮೈ ನಮ್ಮ ಜವಾರಿಯ ದಾಯಾದಿಯದು. ಕಂಪನಿಯವರು ಹಡಗಿನಲ್ಲಿ ತಂದದ್ದು ಲಕ್ಷಾಂತರ ವರ್ಷಗಳ ಹಿಂದೆ ಮನೆ ಬಿಟ್ಟು ಹೋದವರ ಮೊಮ್ಮಗಳನ್ನು.

*

ಇದು ಸಂಖ್ಯೆಯ ಮಾತಾಯಿತು. ರಚನೆಯ ಮಾತು ಇನ್ನೂ ಸೂಕ್ಷ್ಮ. ಅದರ ಉದಾಹರಣೆಯೂ ಧಾರವಾಡದಲ್ಲೇ ಸಿಗುತ್ತದೆ.

ಧಾರವಾಡದಲ್ಲಿ ಹತ್ತಿ ತಳಿ ಸುಧಾರಣೆ ಮಾಡುತ್ತಿದ್ದ ಜಿ. ಎಲ್. ಕೊಟ್ಟೂರ ಅವರು ಹರ್ಬೇಸಿಯಂ ಹತ್ತಿಯನ್ನು ಆಗ ನೆಗ್ಲೆಕ್ಟಂ ಎನ್ನುತ್ತಿದ್ದ, ಈಗ ಆರ್ಬೋರಿಯಂನಲ್ಲೇ ಸೇರಿಸುವ ಹತ್ತಿಯೊಂದಿಗೆ ಕೂಡಿಸಿ, ಆ ಸಂಕರದ ಚರಿತ್ರೆಯನ್ನೇ 1923ರಲ್ಲಿ ಪ್ರಕಟಿಸಿದರು. ಎರಡಕ್ಕೂ 26 ತಂತು. ಸಂಖ್ಯೆಯ ತಕರಾರಿಲ್ಲ. ಮೊದಲ ತಲೆಮಾರಿನ ಗಿಡ ಚೆನ್ನಾಗಿ ಬರುತ್ತದೆ, ಬೀಜವನ್ನೂ ಕಟ್ಟುತ್ತದೆ. ಆದರೆ ಈ ಎರಡು ಜಾತಿಗಳ ಸಂಕರದಲ್ಲಿ ಎರಡನೇ ತಲೆಮಾರಿನಿಂದ ಬಡಕಲು ಗಿಡಗಳು ಹೆಚ್ಚುತ್ತವೆ, ಒಂದಷ್ಟು ಪರಾಗ ಕೆಡುತ್ತದೆ. ಎಣಿಕೆ ಸರಿ ಇದ್ದೂ ಹೀಗ್ಯಾಕೆ?

ಒಂದು ಕಾರಣ 1953ರಲ್ಲಿ ಸ್ಪಷ್ಟವಾಯಿತು. ಗೆರ್ಸ್ಟೆಲ್ ಎಂಬ ವಿಜ್ಞಾನಿ ಹರ್ಬೇಸಿಯಂ ಮತ್ತು ಆರ್ಬೋರಿಯಂ ನಡುವೆ ಒಂದು ಟ್ರಾನ್ಸ್‌ಲೊಕೇಶನ್ ಇದೆ ಎಂದು ತೋರಿಸಿದ. ಅಂದರೆ ಯಾವುದೋ ಕಾಲದಲ್ಲಿ ಎರಡು ಬೇರೆ ಬೇರೆ ತಂತುಗಳು ಮುರಿದು ತುಂಡು ಅದಲುಬದಲು ಮಾಡಿಕೊಂಡಿವೆ. ಎರಡು ಸಂಪುಟದ ಪುಸ್ತಕ ಅಂದುಕೊಳ್ಳಿ. ಒಬ್ಬರ ಮನೆಯ ಪ್ರತಿಯಲ್ಲಿ ಮೊದಲ ಸಂಪುಟದ ಕೊನೆಯ ಅಧ್ಯಾಯಗಳು ಎರಡನೆಯದಕ್ಕೆ, ಎರಡನೆಯದರ ಕೊನೆಯವು ಮೊದಲನೆಯದಕ್ಕೆ ಬೈಂಡ್ ಆಗಿವೆ. ಎರಡೂ ಸಂಪುಟ ಒಟ್ಟಿಗೆ ಇದ್ದರೆ ಏನೂ ನಷ್ಟವಿಲ್ಲ, ಓದಬಹುದು. ಆದರೆ ಈ ಮನೆಯ ಮೊದಲ ಸಂಪುಟ, ಆ ಮನೆಯ ಎರಡನೇ ಸಂಪುಟ ಕೈಗೆ ಬಂದರೆ ಕೆಲವು ಅಧ್ಯಾಯ ಎರಡು ಸಲ, ಕೆಲವು ಇಲ್ಲವೇ ಇಲ್ಲ. ಸಂಕರ ಗಿಡದಲ್ಲಿ ಆಗುವುದೂ ಇದೇ. ಇದೊಂದೇ ಕಾರಣ ಅಲ್ಲ, ಎರಡು ಜಾತಿಗಳ ಜೀನುಗಳೂ ಒಂದಕ್ಕೊಂದು ಪೂರ್ತಿ ಒಗ್ಗಿರುವುದಿಲ್ಲ.

ಗೆರ್ಸ್ಟೆಲ್‌ನ ಇನ್ನೊಂದು ಲೆಕ್ಕ ನಮ್ಮ ಜವಾರಿ ಹತ್ತಿಗೆ ಹೆಮ್ಮೆ ತರುವಂಥದ್ದು. ಅಮೆರಿಕನ್ ಹತ್ತಿಯೊಳಗಿನ ಹಳೆಯ ಪ್ರಪಂಚದ 13 ತಂತುಗಳಿಗೂ ಹರ್ಬೇಸಿಯಂಗೂ ಇರುವ ವ್ಯತ್ಯಾಸ ಎರಡು ಅದಲುಬದಲು, ಆರ್ಬೋರಿಯಂಗಾದರೆ ಮೂರು. ಅಂದರೆ ತಂತುಗಳ ಜೋಡಣೆಯಲ್ಲಿ ಹತ್ತಿರದ ನೆಂಟ ಎರಿ ಹೊಲದ ಜವಾರಿಯೇ. ಹಾಗಂತ ಈಗಿನ ಜವಾರಿಯೇ ಅಮೆರಿಕನ್ ಹತ್ತಿಯ ಅಜ್ಜಿ ಅಲ್ಲ. 2020ರಲ್ಲಿ ಇವುಗಳ ಪೂರ್ತಿ ಡಿಎನ್‌ಎ ಓದಿ ಹೋಲಿಸಿದಾಗ ಹರ್ಬೇಸಿಯಂ ಮತ್ತು ಆರ್ಬೋರಿಯಂ ಎರಡೂ ಈಗ ಇಲ್ಲವಾದ ಒಂದೇ ಪೂರ್ವಜನಿಂದ ಕವಲೊಡೆದವು ಎಂಬ ನಿರ್ಣಯಕ್ಕೆ ಬಂದರು. ಎರಡು ಫೈಲುಗಳನ್ನು ಸಾಲುಸಾಲಾಗಿ ಹೋಲಿಸಿ ಮೂಲ ಫೈಲು ಹೇಗಿತ್ತು ಅಂತ ಊಹಿಸುವ ಕೆಲಸ ನಮ್ಮ ಆಫೀಸಿನಲ್ಲೂ ದಿನಾ ಇರುತ್ತದೆ, ಅದಕ್ಕೇ ನನಗೆ ಇದು ಬಹಳ ಹಿಡಿಸಿತು.

ಮನುಷ್ಯರ ವಿಷಯವನ್ನೂ ಇಲ್ಲೇ ಎರಡು ಮಾತು ಹೇಳಬೇಕು. ನಮಗೆ 46 ತಂತು ಅಂತ ಖಚಿತವಾದದ್ದು 1956ರಲ್ಲಿ, ಟಿಯೋ ಮತ್ತು ಲೆವಾನ್ ಅವರಿಂದ. 1959ರಲ್ಲಿ ಲೆಜೂನ್ ಮತ್ತು ಜೊತೆಗಾರರು ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೇ ತಂತು ಮೂರು ಇರುವುದನ್ನು ಕಂಡರು. ಗಿಡ ಇಡೀ ಸೆಟ್ಟೇ ಇಮ್ಮಡಿಯಾದರೂ ತಾಳಿಕೊಳ್ಳುತ್ತದೆ, ನಮಗೆ ಅತಿ ಸಣ್ಣ ತಂತು ಒಂದು ಹೆಚ್ಚಾದರೂ ಬದುಕು ಬದಲಾಗುತ್ತದೆ. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಮಗಳನ್ನು ಕೊಡುವ ರೂಢಿ ಇರುವುದರಿಂದ ಇಂಥ ಮಗು ಹುಟ್ಟಿದರೆ ಅದಕ್ಕೂ ಸಂಬಂಧವೇ ಕಾರಣ ಅನ್ನುತ್ತಾರೆ, ಇಲ್ಲಾ ತಾಯಿಯನ್ನು ದೂರುತ್ತಾರೆ. ರಕ್ತಸಂಬಂಧದ ಮದುವೆಯಲ್ಲಿ ಹೆಚ್ಚುವುದು ತಂದೆತಾಯಿ ಇಬ್ಬರಲ್ಲೂ ಅಡಗಿರುವ ಒಂದೇ ಜೀನ್ ದೋಷ ಕೂಡುವ ಅಪಾಯ, ಆ ಅಪಾಯ ನಿಜ. ತಂತುವಿನ ಎಣಿಕೆ ತಪ್ಪುವುದು ಬೇರೆಯದೇ ಸಂಗತಿ. ಅದು ಬಹುಪಾಲು ಅಂಡ ತಯಾರಾಗುವಾಗಿನ ಆಕಸ್ಮಿಕ, ತಾಯಿಯ ವಯಸ್ಸು ಏರಿದ ಹಾಗೆ ಸಾಧ್ಯತೆ ಹೆಚ್ಚುತ್ತದೆ, ಯಾರ ತಪ್ಪೂ ಅಲ್ಲ. ಕೆಲವೇ ಮನೆಗಳಲ್ಲಿ ಮಾತ್ರ ಹತ್ತಿಯಲ್ಲಿ ಕಂಡಂಥದ್ದೇ ಟ್ರಾನ್ಸ್‌ಲೊಕೇಶನ್ ತಂದೆಯಲ್ಲೋ ತಾಯಿಯಲ್ಲೋ ಇರುತ್ತದೆ. ಅವರು ಆರೋಗ್ಯವಾಗೇ ಇರುತ್ತಾರೆ, ಆದರೆ ಮಕ್ಕಳಿಗೆ ಹೋಗುವಾಗ ಲೆಕ್ಕ ತಪ್ಪುತ್ತದೆ. ಅದನ್ನು ರಕ್ತಪರೀಕ್ಷೆಯಲ್ಲಿ ತಿಳಿಯಬಹುದು.

*

ಮತ್ತೆ ಹೊಲಕ್ಕೆ ಬರೋಣ.

1947ರ ವಿಭಜನೆಯಲ್ಲಿ ಸಿಂಧ್ ಮತ್ತು ಪಶ್ಚಿಮ ಪಂಜಾಬಿನ ಒಳ್ಳೆಯ ಹತ್ತಿ ಸೀಮೆ ಪಾಕಿಸ್ತಾನಕ್ಕೆ ಹೋಯಿತು, ಮಿಲ್ಲುಗಳು ಬಹುಪಾಲು ಇಲ್ಲೇ ಉಳಿದವು. ಉದ್ದ ಎಳೆಯ ಹತ್ತಿಗೆ ದೇಶ ಹೊರಗೆ ಕೈಚಾಚಬೇಕಾಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಂತು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿ ಹಾದು ರಾಯಚೂರಿನ ಕಡೆ ಹೊರಟಿತು. ಮಳೆಯನ್ನೇ ನಂಬಿದ್ದ ಎರಿ ಹೊಲಕ್ಕೆ ಕಾಲುವೆ ನೀರು! ನೀರಿಗೆ ತಕ್ಕ ಹತ್ತಿ ಬೇಕಾಯಿತು. ಧಾರವಾಡ ಅಮೆರಿಕನ್ನಿನಿಂದ ಆಯ್ದ ಗದಗ-1 ಮತ್ತು ಕೊಯಮತ್ತೂರಿನ ಕಾಂಬೋಡಿಯಾ ಹತ್ತಿ ಕೂಡಿ ಹುಟ್ಟಿದ 'ಲಕ್ಷ್ಮಿ' ತಳಿ ಆ ದಿನಗಳಲ್ಲಿ ಈ ಸೀಮೆಯಲ್ಲೆಲ್ಲ ಹೆಸರು ಮಾಡಿತು. ಅದೂ 52 ತಂತುವಿನದೇ, ಆದರೆ ಹೈಬ್ರಿಡ್ ಅಲ್ಲ, ನೆಲೆಗೊಂಡ ತಳಿ. ಬೀಜ ಮನೆಯಲ್ಲಿ ಇಡಬಹುದಿತ್ತು.

1970ರಲ್ಲಿ ಗುಜರಾತಿನಲ್ಲಿ ಸಿ. ಟಿ. ಪಟೇಲ್ ಅವರು ಎಚ್-4 ಎಂಬ ಹೈಬ್ರಿಡ್ ಹತ್ತಿ ತಂದರು. ಪ್ರಪಂಚದಲ್ಲೇ ವ್ಯಾಪಾರಕ್ಕೆ ಬಂದ ಮೊದಲ ಹೈಬ್ರಿಡ್ ಹತ್ತಿ ಅದು. ಎರಡೇ ವರ್ಷಕ್ಕೆ, 1972ರಲ್ಲಿ, ಧಾರವಾಡದಲ್ಲಿ ಡಾ. ಬಿ. ಎಚ್. ಕಾತರಕಿ ಅವರು 'ವರಲಕ್ಷ್ಮಿ' ಬಿಡುಗಡೆ ಮಾಡಿದರು. ತಾಯಿ ನಮ್ಮ ಲಕ್ಷ್ಮಿ, ಹಿರ್ಸುಟಂ. ತಂದೆ ರಷ್ಯಾದಿಂದ ಬಂದ ಎಸ್‌ಬಿ 289ಇ, ಗಾಸಿಪಿಯಂ ಬಾರ್ಬಡೆನ್ಸ್, ಅಂದರೆ ಈಜಿಪ್ಟಿನ ಉದ್ದ ಎಳೆಯ ಹತ್ತಿಯ ಜಾತಿ. ಎರಡು ಬೇರೆ ಜಾತಿಗಳ ಮಧ್ಯೆ ಇಂಥ ವ್ಯಾಪಾರಿ ಹೈಬ್ರಿಡ್ ಅದೇ ಮೊದಲು. ಇದು ಸಾಧ್ಯವಾದದ್ದು ಯಾಕೆ? ಎರಡಕ್ಕೂ 52. 26 ಜೋಡಿಗೂ ಜೊತೆ ಸಿಗುತ್ತದೆ. ಜವಾರಿಗೆ ಮುಚ್ಚಿದ್ದ ಬಾಗಿಲು ಬಾರ್ಬಡೆನ್ಸಿಗೆ ತೆರೆದೇ ಇತ್ತು.

ವರಲಕ್ಷ್ಮಿ ಬಂಗಾರದ ಬೆಳೆಯಾಯಿತು. ತುಂಗಭದ್ರಾ ಕಾಲುವೆಯ ನೀರಾವರಿಯಲ್ಲಿ ಆ ದಶಕದಲ್ಲಿ ಹಬ್ಬಿತು. 1981ರಲ್ಲಿ ಧಾರವಾಡದಿಂದಲೇ ಡಿಸಿಎಚ್-32, ಅಂದರೆ ಜಯಲಕ್ಷ್ಮಿ ಬಂತು. ಅದೂ ಎರಡು ಜಾತಿಗಳ ಕೂಸು. ದೇಶ ಹೊರಗಿನಿಂದ ತರಿಸುತ್ತಿದ್ದ ಉದ್ದ ಎಳೆಯ ಹತ್ತಿ ಇಲ್ಲೇ ಬೆಳೆಯಿತು. ಇದು ಸಣ್ಣ ಸಾಧನೆ ಅಲ್ಲ, ಕನ್ನಡಿಗರು ಹೆಮ್ಮೆಪಡಬೇಕಾದದ್ದು.

ಆದರೆ ಇಲ್ಲೇ ಒಂದು ತಿರುವು ಇದೆ. ಹೈಬ್ರಿಡ್ಡಿನ ಬೀಜವನ್ನು ಮನೆಯಲ್ಲಿಟ್ಟು ಮರುವರ್ಷ ಬಿತ್ತಿದರೆ ಏನಾಗುತ್ತದೆ? ಹೈಬ್ರಿಡ್ ಗಿಡದ ಬಲ ಇರುವುದು ಅದರ 26 ಜೋಡಿಯಲ್ಲೂ ಒಂದು ತಂತು ತಾಯಿಯ ತಳಿಯದು, ಒಂದು ತಂದೆಯ ತಳಿಯದು ಇರುವುದರಲ್ಲಿ. ಮುಂದಿನ ತಲೆಮಾರಿನಲ್ಲಿ ಒಂದು ಜೋಡಿ ಹಾಗೇ ಮಿಶ್ರವಾಗಿ ಉಳಿಯುವ ಸಾಧ್ಯತೆ ಅರ್ಧ. ಎರಡು ಜೋಡಿ ಉಳಿಯಲು ಕಾಲು. 26 ಜೋಡಿಯೂ ಉಳಿಯಲು? ಎರಡನ್ನು 26 ಸಲ ಗುಣಿಸಿ: 6,71,08,864ಕ್ಕೆ ಒಂದು. ಎಕರೆಗೆ ಏಳು ಸಾವಿರ ಗಿಡ ಅಂದರೂ ಸುಮಾರು ಒಂಬತ್ತೂವರೆ ಸಾವಿರ ಎಕರೆಗೆ ಒಂದೇ ಒಂದು ಗಿಡ ಅಪ್ಪಟ ವರಲಕ್ಷ್ಮಿಯ ಹಾಗೆ! ಜೋಡಿ ನಿಂತಾಗ ತಂತುಗಳು ತುಂಡು ಬದಲಾಯಿಸಿಕೊಳ್ಳುವುದನ್ನು ಈ ಲೆಕ್ಕದಲ್ಲಿ ಹಿಡಿದೇ ಇಲ್ಲ, ಹಿಡಿದರೆ ಇನ್ನೂ ಕಷ್ಟ. ಎರಡು ಬೇರೆ ಜಾತಿಗಳಾದ್ದರಿಂದ ಕೆಡುಕು ಮತ್ತೂ ಹೆಚ್ಚು. ತಂತುಗಳು ಜೋಡಿಯಾಗುತ್ತವೆ ನಿಜ, ಆದರೆ ಸೂಕ್ಷ್ಮದರ್ಶಕಕ್ಕೂ ಕಾಣದ ಸಣ್ಣ ಸಣ್ಣ ರಚನಾ ವ್ಯತ್ಯಾಸಗಳು ಅವುಗಳ ನಡುವೆ ಇವೆ ಅಂತ 1950ರಲ್ಲೇ ಸ್ಟೀಫನ್ಸ್ ವಾದಿಸಿದ್ದ. ಮರುವರ್ಷದ ಹೊಲದಲ್ಲಿ ಒಂದು ಎತ್ತರ, ಒಂದು ಗಿಡ್ಡ, ಒಂದು ತಡ, ಒಂದು ಬಂಜೆ.

ಹಾಗಾಗಿ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಕೂಡಿಸಿಯೇ ತಯಾರಿಸಬೇಕು. ಹತ್ತಿಯಲ್ಲಿ ಅದು ಕೈಕೆಲಸ. ಸಂಜೆ ಒಂದೊಂದೇ ಮೊಗ್ಗಿನ ಗಂಡು ಭಾಗ ಕಿತ್ತು ಗುರುತು ಇಡಬೇಕು, ಮರುದಿನ ಬೆಳಿಗ್ಗೆ ತಂದೆ ಗಿಡದ ಹೂವು ತಂದು ಸವರಬೇಕು. ನಮ್ಮ ಕಡೆ ಇದಕ್ಕೆ 'ಕ್ರಾಸಿಂಗ್' ಅಂತಲೇ ಹೆಸರು. ಮಾಡುವವರು ಬಹುಪಾಲು ಹೆಣ್ಣುಮಕ್ಕಳು, ಶಾಲೆ ಬಿಟ್ಟ ಹುಡುಗಿಯರೂ ಅದರಲ್ಲಿದ್ದರು. ಎರಡು ಜಾತಿಯ ತಂತುಗಳು ಕೂಡಿದ್ದು ಅವರ ಬೆರಳ ತುದಿಯಲ್ಲಿ. ಪ್ಯಾಕೆಟ್ಟಿನ ಮೇಲೆ ಅವರ ಹೆಸರಿರಲಿಲ್ಲ.

ನಮ್ಮ ದೊಡ್ಡವ್ವನ ಹತ್ತಿರ ಒಮ್ಮೆ ಜವಾರಿ ಬೀಜದ ವಿಷಯ ಕೇಳಿದ್ದೆ.

"ಮದ್ಲನೇ ಬಿಡಿಸಿದ ಹತ್ತಿಯಾಗ ಚಲೋ ಕಾಯಿ ಆರಿಸಿ ಬ್ಯಾರೆ ಇಡ್ತಿದ್ವಿ ತಮ್ಮಾ. ಕಾಳು ಬಿಡಿಸಿ, ಬಿತ್ತೋ ಮುಂದ ಸಗಣಿ ಬಗ್ಗಡದಾಗ ಹೊರಳಿಸಿ ಒಣಗಿಸ್ತಿದ್ವಿ. ಇಲ್ಲಾಂದ್ರ ಕೂರಗಿಯಾಗ ಉದುರಂಗಿಲ್ಲ, ಒಂದಕ್ಕೊಂದು ಅಂಟ್ಕೊಂತಾವು."

"ಈಗ್ಯಾಕ ಮಾಡಂಗಿಲ್ಲ?" ಅಂದೆ.

"ಈಗಿನ ಕಾಳು ಇಟ್ಟು ಏನ್ ಮಾಡ್ತಿ? ಎತ್ತಿಗೆ ಹಾಕಬೇಕು ಅಷ್ಟ."

ವರ್ಣತಂತು ಎಂಬ ಶಬ್ದ ಕೇಳದ ದೊಡ್ಡವ್ವನಿಗೆ 6.71 ಕೋಟಿಯ ಲೆಕ್ಕ ಆಗಲೇ ಗೊತ್ತಿತ್ತು.

*

ಆಮೇಲಿನ ಕತೆ ನಿಮಗೂ ಗೊತ್ತು. ಕಾಯಿಕೊರಕ ಮತ್ತು ಬಿಳಿನೊಣದ ಕಾಟ, ಔಷಧಿಯ ಸಾಲ. ಸಿಂಧನೂರಿನ ಕಾಲುವೆ ಕೆಳಗಿನ ಹೊಲಗಳು ಭತ್ತಕ್ಕೆ ತಿರುಗಿದವು. ಹತ್ತಿ ಮಸ್ಕಿ, ಲಿಂಗಸುಗೂರಿನಂಥ ಕಡೆ ಉಳಿಯಿತು. 2002ರಲ್ಲಿ ದೇಶದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಅದೂ ಹೈಬ್ರಿಡ್ ರೂಪದಲ್ಲೇ ಬಂತು. ಅಮೆರಿಕದಲ್ಲಿ ಇದೇ ಬಿಟಿ ಜೀನನ್ನು ನೆಲೆಗೊಂಡ ತಳಿಗಳಲ್ಲಿ ಹಾಕಿ ಬೆಳೆಯುತ್ತಾರೆ. ಹೊಲವೆಲ್ಲ ಹೈಬ್ರಿಡ್ ಹತ್ತಿ ಆದದ್ದು ಮುಖ್ಯವಾಗಿ ನಮ್ಮ ದೇಶದಲ್ಲಿ. 2010ರ ದಶಕದಲ್ಲಿ ಗುಲಾಬಿ ಕಾಯಿಕೊರಕ ಬಿಟಿಗೂ ಒಗ್ಗಿಕೊಂಡು ಮರಳಿ ಬಂತು, ರೈತ ಬೀಜಕ್ಕೂ ದುಡ್ಡು ಕೊಟ್ಟ, ಔಷಧಿಗೂ ಕೊಟ್ಟ.

2001ರಲ್ಲಿ ನಮ್ಮ ಸಂಸತ್ತು ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾಡಿತು. ಬ್ರಾಂಡಿನ ಹೆಸರು ಹಾಕದೆ ರೈತ ತನ್ನ ಬೆಳೆಯ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಬಹುದು. ಒಳ್ಳೆಯ ಕಾಯ್ದೆ. ಆದರೆ ಹೈಬ್ರಿಡ್ ಹತ್ತಿ ಬೆಳೆಯುವ ಮಸ್ಕಿಯ ರೈತನಿಗೆ ಆ ಹಕ್ಕು ಕಾಗದದ ಮೇಲಷ್ಟೇ ಇದೆ. ಕಾನೂನು ಕೊಟ್ಟದ್ದನ್ನು 26 ಜೋಡಿ ತಂತು ಕಿತ್ತುಕೊಂಡಿವೆ. ಇದು ಯಾರೋ ಮಾಡಿದ ಕುತಂತ್ರ ಅಂತ ನಾನು ಹೇಳುತ್ತಿಲ್ಲ. ಕಾತರಕಿಯವರಂಥವರು ದೇಶಕ್ಕೆ ಉದ್ದ ಎಳೆ ಬೇಕು ಅಂದಾಗ ಅದನ್ನು ಕೊಟ್ಟರು. ಆದರೆ ಆ ಆಯ್ಕೆಯೊಂದಿಗೆ ಬೀಜ ಮನೆಯಿಂದ ಅಂಗಡಿಗೆ ಹೋಗುತ್ತದೆ ಎಂಬುದನ್ನು ರೈತನಿಗೆ ಬಿಡಿಸಿ ಹೇಳಿದವರು ಕಡಿಮೆ. ಹೈಬ್ರಿಡ್ ಬೇಕೋ, ಕಾಳು ಇಟ್ಟುಕೊಳ್ಳಬಹುದಾದ ತಳಿ ಬೇಕೋ ಎಂಬುದು ವಿಜ್ಞಾನದ ಪ್ರಶ್ನೆ ಆದಷ್ಟೇ ರೈತನ ಪ್ರಶ್ನೆಯೂ ಹೌದು. ಲಕ್ಷ್ಮಿ ತಳಿಯ ಕಾಲದಲ್ಲಿ ಎರಡನೆಯದೂ ಸಾಧ್ಯವಿತ್ತು, ಈಗಲೂ ಸಾಧ್ಯ.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಸ್ವಾತಂತ್ರ್ಯದ ಹೊತ್ತಿಗೆ ದೇಶದ ಹತ್ತಿ ಹೊಲಗಳ ಬಹುಪಾಲು 26 ತಂತುವಿನ ದೇಸಿ ಹತ್ತಿಯದೇ ಆಗಿತ್ತು, ಈಗ ಅದು ಅಲ್ಲಲ್ಲಿ ಉಳಿದಿದೆ ಅಷ್ಟೇ. ಬರ ತಾಳುವುದು, ರಸ ಹೀರುವ ಕೀಟಗಳಿಗೆ ಜಗ್ಗದಿರುವುದು, ಉತ್ತರ ಭಾರತದಲ್ಲಿ ಅಮೆರಿಕನ್ ಹತ್ತಿಯನ್ನು ಕಾಡುವ ಎಲೆ ಮುರುಟು ರೋಗ ಆರ್ಬೋರಿಯಂಗೆ ತಟ್ಟದಿರುವುದು, ಇವೆಲ್ಲ ಆ 26ರೊಳಗೆ ಇವೆ. 26ರಿಂದ 52ಕ್ಕೆ ಗುಣ ಸಾಗಿಸುವುದು ಕಷ್ಟ, ಆದರೆ ಅಸಾಧ್ಯ ಅಲ್ಲ. 39ರ ಬಂಜೆ ಗಿಡವನ್ನು ಕೋಲ್ಚಿಸಿನ್ನಿನಿಂದ 78 ಮಾಡಿ, ಮತ್ತೆ ಮತ್ತೆ ಅಮೆರಿಕನ್ ಹತ್ತಿಯೊಂದಿಗೆ ಕೂಡಿಸಿ 52ಕ್ಕೆ ಇಳಿಸಬೇಕು. ಗುಜರಾತಿನ ಸೂರತ್ತಿನಲ್ಲಿ ಇಂಥ ದಾರಿಯಲ್ಲೇ ದೇಸಿ ರಕ್ತ ಸೇರಿದ ದೇವಿರಾಜ್, ದೇವಿತೇಜ್ ಎಂಬ ತಳಿಗಳು ಬಂದಿದ್ದವು. ದಾರಿ ಇದೆ. ಆದರೆ ದಾರಿಯ ಈ ತುದಿಯಲ್ಲಿ ಜವಾರಿ ಬೀಜ ಜೀವಂತ ಇರಬೇಕು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯಂಥ ಕಡೆ ಸಂಗ್ರಹ ಇದೆ ನಿಜ, ಆದರೆ ತಣ್ಣನೆಯ ಪೆಟ್ಟಿಗೆಯಲ್ಲಿ ಮಲಗಿದ ಬೀಜ ಮಸ್ಕಿಯ ಬಿಸಿಲಿಗೆ, ಹೊಸ ಹುಳಕ್ಕೆ ತಾನಾಗಿ ಒಗ್ಗಿಕೊಳ್ಳುವುದಿಲ್ಲ. ಅದು ಹೊಲದಲ್ಲಿ ಇದ್ದರೆ ಮಾತ್ರ ಆಗುವ ಕೆಲಸ.

ಕೊನೆಗೆ ನಿಮಗೆಲ್ಲ ಒಂದು ಸಣ್ಣ ಕೆಲಸ. ಊರಿಗೆ ಹೋದಾಗ ಹಿತ್ತಲಲ್ಲೋ, ಗುಡಿಯ ಹಿಂದೆಯೋ, ದೇವರ ದೀಪದ ಬತ್ತಿಗೆ ಅಂತ ಉಳಿಸಿಕೊಂಡ ಹತ್ತಿ ಗಿಡ ಇದೆಯಾ ನೋಡಿ. ತಂತು ಎಣಿಸಲು ಸೂಕ್ಷ್ಮದರ್ಶಕ ಬೇಡ. ಕಾಯಿಯನ್ನು ಸುತ್ತಿಕೊಂಡ ಮೂರು ಹಸಿರು ಎಲೆಗಳಂಥವನ್ನು ಗಮನಿಸಿ. ಅವುಗಳ ಅಂಚು ಆಳವಾಗಿ ಸೀಳಿ ಉದ್ದುದ್ದ ಹಲ್ಲಾಗಿದ್ದರೆ ಅದು 52ರ ಬಳಗ. ಅಂಚು ಹೆಚ್ಚುಕಡಿಮೆ ನುಣುಪಾಗಿದ್ದು ತುದಿಗೆ ಮೂರು ನಾಲ್ಕು ಹಲ್ಲಷ್ಟೇ ಇದ್ದರೆ ಆರ್ಬೋರಿಯಂ. ಅಗಲವಾಗಿ ಹರಡಿಕೊಂಡು ಗಿಡ್ಡ ಗಿಡ್ಡ ಹಲ್ಲಿದ್ದರೆ ನಮ್ಮ ಎರಿ ಹೊಲದ ಜವಾರಿ ಜಾತಿ. ಕೊನೆಯ ಎರಡರಲ್ಲಿ ಯಾವುದು ಸಿಕ್ಕರೂ ನಾಲ್ಕು ಕಾಳು ತೆಗೆದು ಕಾಗದದಲ್ಲಿ ಕಟ್ಟಿ, ಊರಿನ ಹೆಸರು, ಇಸವಿ ಬರೆದಿಟ್ಟುಕೊಳ್ಳಿ. ಮಳೆ ಬಿದ್ದಾಗ ಎರಡು ಕಾಳು ಬಿತ್ತಿ. ಆ ಕಾಳು ಮುಂದಿನ ವರ್ಷವೂ ಹಾಗೇ ಹುಟ್ಟುತ್ತದೆ, ಅದರ ಮುಂದಿನ ವರ್ಷವೂ.

ಯಾರಿಗಾದರೂ ಕಂಡರೆ ಇಲ್ಲಿ ತಿಳಿಸಿ. ಯಾವ ಊರಲ್ಲಿ ಏನು ಉಳಿದಿದೆ ಅಂತ ಒಂದು ಪಟ್ಟಿಯನ್ನಾದರೂ ಮಾಡೋಣ.